ಶಾಲಾ ಗಣಕ ಕೊಠಡಿಯ ಸ್ವಿಚ್ಚು: ಸಂರಚನಾ ಕಡತಗಳ ಹಾಗೂ ಫ್ಲ್ಯಾಶ್ ಸಂಗ್ರಹದ ಜೋಪಾನ

(ಶಿಕ್ಷಕರ ತರಬೇತಿ ವರ್ಗಕ್ಕಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)



ದೇವಣಿ ಸೀಮೆಯ ಒಂದು ಕನ್ನಡ ಶಾಲೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಮಧ್ಯಾಹ್ನ ಮೂರು ಗಂಟೆ. ಗಣಕ ಕೊಠಡಿಯಲ್ಲಿ ಎಂಟನೆಯ ತರಗತಿಯ ಮಕ್ಕಳು ಕುಳಿತಿದ್ದಾರೆ. ವಿದ್ಯುತ್ತು ಹೋಗುತ್ತದೆ, ಮರಾಠವಾಡದ ಹಳ್ಳಿಗಳಿಗೆ ಅದು ಹೊಸ ಸಂಗತಿಯಲ್ಲ. ಅರ್ಧ ಗಂಟೆಯ ಬಳಿಕ ವಿದ್ಯುತ್ತು ಬರುತ್ತದೆ, ಗಣಕಗಳು ಏಳುತ್ತವೆ, ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಹಸಿರು ದೀಪಗಳು ಎಂದಿನಂತೆಯೇ ಮಿನುಗುತ್ತವೆ. ಆದರೆ ಅಂತರ್ಜಾಲ ಬರುವುದಿಲ್ಲ. ತಂತಿಗಳನ್ನು ಕಿತ್ತು ಮತ್ತೆ ಸಿಕ್ಕಿಸುತ್ತಾರೆ, ಫಲವಿಲ್ಲ. ಎರಡು ತಿಂಗಳ ಹಿಂದೆ ಬಂದು ಎಲ್ಲವನ್ನೂ ಜೋಡಿಸಿ ಹೋಗಿದ್ದ ತಂತ್ರಜ್ಞನಿಗೆ ದೂರವಾಣಿ ಮಾಡುತ್ತಾರೆ. ಆತ ಬರಲು ಒಂದು ವಾರ ಹಿಡಿಯುತ್ತದೆ. ಬಂದವನು ಹತ್ತು ನಿಮಿಷಗಳಲ್ಲಿ ಸರಿಪಡಿಸಿ, "ಸೇವ್ ಮಾಡೋದು ಮರೆತಿತ್ತು, ಸರ್" ಎಂದು ಹೇಳಿ ಹೊರಡುತ್ತಾನೆ.

ಆ ಹತ್ತು ನಿಮಿಷಗಳ ಕೆಲಸವು ಯಾವುದು, ಮರೆತದ್ದು ಏನು, ಮರೆಯದಿರಲು ಶಾಲೆಯು ಏನು ಮಾಡಬೇಕು ಎಂಬುದೇ ಈ ಉಪನ್ಯಾಸದ ವಿಷಯ. ಇದು ಎಂಜಿನಿಯರುಗಳ ವಿಷಯವೆಂದು ಶಿಕ್ಷಕರು ಬದಿಗಿಡುವಂತಿಲ್ಲ. ಹಾಜರಿ ಪುಸ್ತಕವನ್ನೂ ಜನರಲ್ ರಜಿಸ್ಟರನ್ನೂ ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರಿಗೆ ಇದರ ತಿರುಳು ಸುಲಭವಾಗಿಯೇ ದಕ್ಕುತ್ತದೆ.

ಗಡಿಯ ಶಾಲೆಗೆ ಇದರ ಅಗತ್ಯವೇನು?

ಉದಗೀರ, ನಿಲಂಗಾ, ಉಮರ್ಗಾ, ದೇವಣಿಗಳ ಈ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರ ಹಾಗೂ ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಗೇ ಸೇರಿದ್ದವು. ಆ ವರ್ಷ ಅವು ಮುಂಬಯಿ ರಾಜ್ಯಕ್ಕೆ ಹೋದವು, 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಆಡಳಿತದ ಭಾಷೆ ಉರ್ದುವಿನಿಂದ ಮರಾಠಿಗೆ ಹೊರಳಿತು. ಕನ್ನಡವು ಮನೆಯಲ್ಲಿಯೂ ಹೊಲದಲ್ಲಿಯೂ ಕೆಲವೆಡೆ ಶಾಲೆಯಲ್ಲಿಯೂ ಉಳಿದು ಬಂದಿತು. ಇಂತಹ ಕಡೆ ಕನ್ನಡ ಬಲ್ಲ ಶಿಕ್ಷಕರು ವಿರಳ. ಅದರಲ್ಲಿಯೂ ಗಣಕ ಕೊಠಡಿಯ ಒಳಹೊರಗನ್ನು ಬಲ್ಲವರು ಒಂದು ಶಾಲೆಗೆ ಒಬ್ಬರಿದ್ದರೆ ಹೆಚ್ಚು. ಅವರಿಗೆ ವರ್ಗವಾದರೆ ಅವರೊಡನೆ ಅವರ ತಿಳಿವಳಿಕೆಯೂ ಬೇರೆ ಊರಿಗೆ ಹೋಗುತ್ತದೆ. ಯಂತ್ರದ ಕೈಪಿಡಿ ಇಂಗ್ಲಿಷಿನಲ್ಲಿದೆ, ದುರಸ್ತಿಗೆ ಬರುವವನ ಮಾತು ಮರಾಠಿ ಅಥವಾ ಹಿಂದಿ. ಶಾಲೆಯ ಕನ್ನಡದಲ್ಲಿ ಆ ಬಗ್ಗೆ ಒಂದು ಸಾಲೂ ಬರೆದಿಟ್ಟಿರುವುದಿಲ್ಲ. ಆದುದರಿಂದ ಜೋಪಾನದ ಭಾರ ಗಡಿಯ ಶಾಲೆಯ ಮೇಲೆ ಒಂದು ಪಟ್ಟು ಹೆಚ್ಚೇ ಬೀಳುತ್ತದೆ.

ಸ್ವಿಚ್ಚು ಎಂದರೇನು?

ಇಲ್ಲಿ ಸ್ವಿಚ್ಚೆಂದರೆ ದೀಪದ ಗುಂಡಿಯಲ್ಲ. ಗಣಕಗಳ ತಂತಿಗಳೆಲ್ಲ ಬಂದು ಸೇರುವ ಎಂಟು, ಹದಿನಾರು ಅಥವಾ ಇಪ್ಪತ್ನಾಲ್ಕು ದ್ವಾರಗಳ ಪೆಟ್ಟಿಗೆ. ಒಂದು ಗಣಕವು ಕಳುಹಿಸಿದ ಮಾಹಿತಿಯನ್ನು ಅದು ಸೇರಬೇಕಾದ ಗಣಕದ ದ್ವಾರಕ್ಕೇ ತಲುಪಿಸುವುದು ಅದರ ಕಾರ್ಯ.

ಸ್ವಿಚ್ಚುಗಳಲ್ಲಿ ಎರಡು ಬಗೆ. ಮೊದಲನೆಯದು ಸಾದಾ ಸ್ವಿಚ್ಚು. ತಂತಿ ಸಿಕ್ಕಿಸಿದರೆ ಅದು ತಾನಾಗಿಯೇ ಕೆಲಸ ಮಾಡುತ್ತದೆ; ಅದಕ್ಕೆ ಹೇಳಿಕೊಡುವುದೂ ಇಲ್ಲ, ಅದು ನೆನಪಿಡುವ ಆಜ್ಞೆಗಳೂ ಇಲ್ಲ. ಎರಡನೆಯದು ನಿರ್ವಹಣಾ ಸ್ವಿಚ್ಚು. ಯಾವ ದ್ವಾರವು ಯಾವ ಗುಂಪಿಗೆ ಸೇರಬೇಕು, ಯಾವುದು ಮುಚ್ಚಿರಬೇಕು, ಯಾರು ಒಳಬಂದು ಬದಲಾಯಿಸಬಹುದು ಎಂಬುದನ್ನು ಅದಕ್ಕೆ ಆಜ್ಞೆಗಳ ಮೂಲಕ ತಿಳಿಸಬಹುದು. ತಮ್ಮ ಶಾಲೆಯಲ್ಲಿರುವುದು ಯಾವ ಬಗೆಯೆಂಬುದನ್ನು ಶಿಕ್ಷಕರು ಮೊದಲು ಅರಿಯಬೇಕು. ಪೆಟ್ಟಿಗೆಯ ಮೇಲೆ 'ಕನ್ಸೋಲ್' ಎಂದು ಬರೆದ ಪ್ರತ್ಯೇಕ ದ್ವಾರವಿದ್ದರೆ, ಅಥವಾ ಬ್ರೌಸರಿನಲ್ಲಿ ತೆರೆಯುವ ಅದರದೇ ಪುಟವಿದ್ದರೆ, ಅದು ಎರಡನೆಯ ಬಗೆಯದು. ಸಾದಾ ಸ್ವಿಚ್ಚಿದ್ದವರಿಗೆ ಮುಂದೆ ಹೇಳುವ ಆಜ್ಞೆಗಳ ಅಗತ್ಯವಿಲ್ಲ. ತಂತಿಗಳಿಗೆ ಚೀಟಿ ಅಂಟಿಸುವ ಕೆಲಸ ಮಾತ್ರ ಅವರಿಗೂ ತಪ್ಪಿದ್ದಲ್ಲ.

ನಿರ್ವಹಣಾ ಸ್ವಿಚ್ಚಿನಿಂದ ಶಾಲೆಗೆ ಆಗುವ ಮುಖ್ಯ ಪ್ರಯೋಜನವೆಂದರೆ ವಿಂಗಡಣೆ. ಮಕ್ಕಳ ಗಣಕ ಕೊಠಡಿಯನ್ನು ಒಂದು ಗುಂಪಾಗಿಯೂ ಕಾರ್ಯಾಲಯದ ಗಣಕವನ್ನು ಬೇರೊಂದು ಗುಂಪಾಗಿಯೂ ಮಾಡಬಹುದು. ಇಂತಹ ಗುಂಪಿಗೆ 'ವಿಲ್ಯಾನ್' ಎನ್ನುತ್ತಾರೆ. ಒಂದೇ ಪೆಟ್ಟಿಗೆಯೊಳಗೆ ಕಣ್ಣಿಗೆ ಕಾಣದ ಗೋಡೆ ಎಬ್ಬಿಸಿದಂತೆ ಅದು. ಕಾರ್ಯಾಲಯದ ಗಣಕದಲ್ಲಿ ಮಕ್ಕಳ ಹೆಸರು, ಜನ್ಮದಿನಾಂಕ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳು ಇರುತ್ತವೆ. ಸ್ವಿಚ್ಚು ತನ್ನ ಆಜ್ಞೆಗಳನ್ನು ಮರೆತರೆ ಎಲ್ಲ ದ್ವಾರಗಳೂ ಕಾರ್ಖಾನೆಯಿಂದ ಬಂದಾಗಿನ ಒಂದೇ ಗುಂಪಿಗೆ ಮರಳುತ್ತವೆ. ಅಂತರ್ಜಾಲ ನಿಂತರೆ ಎಲ್ಲರಿಗೂ ಗೊತ್ತಾಗುತ್ತದೆ. ಗೋಡೆ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ದೀಪಗಳು ಆಗಲೂ ಹಸಿರಾಗಿಯೇ ಮಿನುಗುತ್ತಿರುತ್ತವೆ. ಮರೆವಿನಿಂದಾಗುವ ನಿಜವಾದ ಹಾನಿ ಇದು.

ಕರಿಹಲಗೆ ಮತ್ತು ರಜಿಸ್ಟರು

ಮಕ್ಕಳಿಗೆ ಪಾಠ ಹೇಳುವಾಗ ಶಿಕ್ಷಕರು ಎರಡು ಕಡೆ ಬರೆಯುತ್ತಾರೆ. ಒಂದು ಕರಿಹಲಗೆ. ಬರೆದದ್ದು ಕೂಡಲೇ ಕಾಣುತ್ತದೆ, ಕೂಡಲೇ ಉಪಯೋಗಕ್ಕೆ ಬರುತ್ತದೆ. ಸಂಜೆ ಒರೆಸಿದರೆ ಹೋಗುತ್ತದೆ. ಇನ್ನೊಂದು ಕಪಾಟಿನಲ್ಲಿರುವ ರಜಿಸ್ಟರು. ಅದರಲ್ಲಿ ಬರೆದದ್ದು ಮರುದಿನವೂ ಮರುವರ್ಷವೂ ಇರುತ್ತದೆ.

ಸ್ವಿಚ್ಚಿನೊಳಗೂ ಹೀಗೆಯೇ ಎರಡು ಕಡತಗಳಿವೆ. ಈಗ ಜಾರಿಯಲ್ಲಿರುವ ಆಜ್ಞೆಗಳ ಕಡತಕ್ಕೆ 'ರನ್ನಿಂಗ್ ಕಾನ್ಫಿಗ್', ಅಂದರೆ ಚಾಲ್ತಿ ಸಂರಚನೆ, ಎಂದು ಹೆಸರು. ಅದು ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿರುತ್ತದೆ. ವಿದ್ಯುತ್ತು ಹೋದ ಕ್ಷಣವೇ ಅಳಿಯುತ್ತದೆ. ಸ್ವಿಚ್ಚು ಏಳುವಾಗ ಓದಿಕೊಳ್ಳುವ ಕಡತಕ್ಕೆ 'ಸ್ಟಾರ್ಟಪ್ ಕಾನ್ಫಿಗ್', ಅಂದರೆ ಆರಂಭ ಸಂರಚನೆ, ಎಂದು ಹೆಸರು. ಅದು ಅಳಿಯದ ಸ್ಮೃತಿಯಲ್ಲಿರುತ್ತದೆ. ತಂತ್ರಜ್ಞನು ಆಜ್ಞೆ ನೀಡಿದಾಗ ಅದು ಕರಿಹಲಗೆಯ ಮೇಲೆ ಬರೆದಂತೆ. ಕೂಡಲೇ ಜಾರಿಗೆ ಬರುವುದರಿಂದ ಎಲ್ಲವೂ ಮುಗಿಯಿತೆಂಬ ಭ್ರಮೆ ಹುಟ್ಟುತ್ತದೆ. ಅದನ್ನು ರಜಿಸ್ಟರಿಗೆ ಇಳಿಸುವ ಕೆಲಸ ಬೇರೆಯೇ ಇದೆ. ಸಿಸ್ಕೊ ಕಂಪನಿಯ ಸ್ವಿಚ್ಚುಗಳಲ್ಲಿ ಅದಕ್ಕೆ ನೀಡುವ ಆಜ್ಞೆ ಒಂದೇ ಸಾಲಿನದು: 'ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್'. ಇದನ್ನೇ ಹಳೆಯ ರೂಢಿಯಲ್ಲಿ 'ರೈಟ್ ಮೆಮೊರಿ' ಎಂದೂ ನೀಡುತ್ತಾರೆ. ಬ್ರೌಸರಿನ ಪುಟದ ಮೂಲಕ ನಡೆಸುವ ಸ್ವಿಚ್ಚುಗಳಲ್ಲಿ 'ಅಪ್ಲೈ' ಗುಂಡಿ ಒಂದಾದರೆ 'ಸೇವ್' ಗುಂಡಿ ಇನ್ನೊಂದು. ಅನೇಕ ಮಾದರಿಗಳಲ್ಲಿ ಮೊದಲನೆಯದು ಹಲಗೆಗೆ, ಎರಡನೆಯದು ರಜಿಸ್ಟರಿಗೆ. ಎರಡನೆಯದನ್ನು ಒತ್ತದೆ ಪುಟವನ್ನು ಮುಚ್ಚಬಾರದು.

ತಂತ್ರಜ್ಞನು ಹೊರಡುವ ಮುನ್ನ ಶಿಕ್ಷಕರು ಒಂದು ಪರೀಕ್ಷೆಯನ್ನು ಮಾಡಿಸಬೇಕು. ಸ್ವಿಚ್ಚಿನ ವಿದ್ಯುತ್ತನ್ನು ಅವನ ಎದುರಿಗೇ ಆರಿಸಿ ಮತ್ತೆ ಹಾಕಿಸಬೇಕು. ಎಲ್ಲವೂ ಮೊದಲಿನಂತೆ ಎದ್ದು ನಿಂತರೆ ಮಾತ್ರ ಕೆಲಸ ಮುಗಿದಂತೆ. ಐದು ನಿಮಿಷಗಳ ಈ ಪರೀಕ್ಷೆಯು ಒಂದು ವಾರದ ಕಾಯುವಿಕೆಯನ್ನು ತಪ್ಪಿಸುತ್ತದೆ.

ಫ್ಲ್ಯಾಶ್ ಎಂಬ ಕಪಾಟು

ವಿದ್ಯುತ್ತು ಹೋದರೂ ಅಳಿಯದ ಸ್ಮೃತಿಗಳಲ್ಲಿ ಮುಖ್ಯವಾದುದು ಫ್ಲ್ಯಾಶ್. ಇದನ್ನು ರೂಪಿಸಿದವರು ಜಪಾನಿನ ತೊಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಒಕ. 1984ರಲ್ಲಿ ಅವರು ಅದನ್ನು ವಿದ್ವತ್ ಸಮ್ಮೇಳನದಲ್ಲಿ ಮಂಡಿಸಿದರು. ಇಂದು ಪೆನ್ ಡ್ರೈವಿನಲ್ಲಿಯೂ ಮೊಬೈಲಿನಲ್ಲಿಯೂ ಇರುವುದು ಇದೇ ಜಾತಿಯ ಸ್ಮೃತಿ. ಇದಕ್ಕೊಂದು ಮಿತಿಯುಂಟು: ಅಳಿಸಿ ಬರೆಯುವ ಕ್ರಿಯೆಯನ್ನು ಅದು ನಿರ್ದಿಷ್ಟ ಸಂಖ್ಯೆಯಷ್ಟು ಸಲ ಮಾತ್ರ ತಾಳುತ್ತದೆ. ಶಾಲೆಯ ಬಳಕೆಗೆ ಆ ಮಿತಿ ಎಂದೂ ಅಡ್ಡಬರುವುದಿಲ್ಲ.

ಸಿಸ್ಕೊ ಕ್ಯಾಟಲಿಸ್ಟ್ 2960 ವರ್ಗದ ಸ್ವಿಚ್ಚನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಫ್ಲ್ಯಾಶ್ ಕಪಾಟು ಮಾದರಿಗೆ ತಕ್ಕಂತೆ 32 ಅಥವಾ 64 ಮೆಗಾಬೈಟಿನದು; ಇಂದಿನ ಮೊಬೈಲಿನ ಕೆಲವೇ ಛಾಯಾಚಿತ್ರಗಳಿಗೆ ಅದು ತುಂಬಿಹೋದೀತು. 'ಡಿರ್ ಫ್ಲ್ಯಾಶ್:' ಎಂಬ ಆಜ್ಞೆ ನೀಡಿದರೆ ಕಪಾಟಿನೊಳಗಿನ ಪಟ್ಟಿ ಕಾಣುತ್ತದೆ. ಅದರಲ್ಲಿ ಮುಖ್ಯವಾದವು ಮೂರು. ಮೊದಲನೆಯದು '.ಬಿನ್' ಎಂದು ಕೊನೆಗೊಳ್ಳುವ ದೊಡ್ಡ ಕಡತ. ಸ್ವಿಚ್ಚನ್ನು ನಡೆಸುವ ತಂತ್ರಾಂಶವೇ ಅದು. ಎರಡನೆಯದು 'ಕಾನ್ಫಿಗ್.ಟೆಕ್ಸ್ಟ್', ಆರಂಭ ಸಂರಚನೆಯು ಈ ವರ್ಗದ ಸ್ವಿಚ್ಚುಗಳಲ್ಲಿ ಈ ಹೆಸರಿನಿಂದ ಇಲ್ಲಿಯೇ ಇರುತ್ತದೆ. ಮೂರನೆಯದು 'ವಿಲ್ಯಾನ್.ಡ್ಯಾಟ್', ಮೇಲೆ ಹೇಳಿದ ಗುಂಪುಗಳ ಪಟ್ಟಿ ಅದರಲ್ಲಿದೆ. ಪಟ್ಟಿಯ ಕೊನೆಯ ಸಾಲಿನಲ್ಲಿ ಒಟ್ಟು ಸ್ಥಳವೆಷ್ಟು, ಉಳಿದಿರುವುದೆಷ್ಟು ಎಂಬ ಲೆಕ್ಕವಿರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಸಾಮಾನ್ಯವಾಗಿ ಗುಂಪುಗಳ ಪಟ್ಟಿಯು ಸಂರಚನಾ ಕಡತದಲ್ಲಿರದೆ 'ವಿಲ್ಯಾನ್.ಡ್ಯಾಟ್'ನಲ್ಲಿ ಮಾತ್ರ ಇರುತ್ತದೆ. ಆದುದರಿಂದ ಸಂರಚನೆಯ ನಕಲನ್ನಷ್ಟೇ ತೆಗೆದಿಟ್ಟುಕೊಂಡವರು, ಹೊಸ ಸ್ವಿಚ್ಚಿಗೆ ಅದನ್ನು ಹಾಕಿದಾಗ ದ್ವಾರಗಳು ಸುಮ್ಮನಿರುವುದನ್ನು ಕಂಡು ಬೆರಗಾಗುವುದುಂಟು. ತರಗತಿಯ ಪಟ್ಟಿಯಿಲ್ಲದೆ ಮಕ್ಕಳ ಆಸನವ್ಯವಸ್ಥೆಯನ್ನು ಮಾತ್ರ ಉಳಿಸಿಕೊಂಡಂತೆ ಅದು. ಗುಂಪುಗಳ ಸಂಖ್ಯೆ ಮತ್ತು ಹೆಸರುಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದರೆ ಎರಡು ನಿಮಿಷಗಳಲ್ಲಿ ಮತ್ತೆ ಕಟ್ಟಬಹುದು.

ತುಂಬಿದ ಕಪಾಟಿನ ಕಥೆ

ಫ್ಲ್ಯಾಶ್ ಕಪಾಟನ್ನು ಆಗಾಗ ತೆರವು ಮಾಡದಿದ್ದರೆ ಏನಾದೀತೆಂಬುದಕ್ಕೆ ಮಂಗಳ ಗ್ರಹದಿಂದ ಒಂದು ನಿದರ್ಶನವುಂಟು. ಅಮೆರಿಕದ ನಾಸಾ ಸಂಸ್ಥೆಯ 'ಸ್ಪಿರಿಟ್' ಎಂಬ ಸಂಚಾರಿ ಯಂತ್ರವು 2004ರ ಜನವರಿ 4ರಂದು ಮಂಗಳದ ಮೇಲೆ ಇಳಿಯಿತು. ಮೂರು ವಾರಗಳೂ ತುಂಬಿರಲಿಲ್ಲ. ಜನವರಿ 21ರಂದು ಅದರ ಸಂಪರ್ಕ ಅಸ್ತವ್ಯಸ್ತವಾಯಿತು. ಯಂತ್ರವು ಏಳುವುದು, ಕೂಡಲೇ ಮತ್ತೆ ಬಿದ್ದು ಏಳುವುದು, ಹೀಗೆಯೇ ನಡೆಯಿತು. ರಾತ್ರಿ ವಿಶ್ರಮಿಸಬೇಕಾದ ಯಂತ್ರವು ವಿಶ್ರಮಿಸದೆ ಬ್ಯಾಟರಿಯನ್ನು ಬರಿದುಮಾಡಿಕೊಳ್ಳತೊಡಗಿತು.

ವಿಜ್ಞಾನಿಗಳು ಕೊನೆಗೆ ಕಂಡುಕೊಂಡ ಕಾರಣ ಬಲು ಸಾಮಾನ್ಯವಾದುದು. ಫ್ಲ್ಯಾಶ್ ಸ್ಮೃತಿಯ ತುಂಡು ಕೆಟ್ಟಿರಲಿಲ್ಲ. ಪಯಣದ ಕಾಲದಿಂದ ಶೇಖರವಾದ ಕಡತಗಳ ಸಂಖ್ಯೆ ಬೆಳೆದು, ಅವುಗಳ ಪಟ್ಟಿಯನ್ನು ತೆರೆದುಕೊಳ್ಳಲು ಬೇಕಾದಷ್ಟು ತಾತ್ಕಾಲಿಕ ಸ್ಮೃತಿ ಇಲ್ಲವಾಗಿತ್ತು. ಫ್ಲ್ಯಾಶನ್ನು ಮುಟ್ಟದೆಯೇ ಏಳುವಂತೆ ಭೂಮಿಯಿಂದ ಆಜ್ಞೆ ಕಳುಹಿಸಿ, ಬೇಡವಾದ ಕಡತಗಳನ್ನು ಅಳಿಸಿ, ಕಪಾಟನ್ನು ಹೊಸದಾಗಿ ಅಣಿಗೊಳಿಸಿದ ಮೇಲೆ ಯಂತ್ರವು ಚೇತರಿಸಿಕೊಂಡಿತು. ತೊಂಬತ್ತು ದಿನಗಳ ಕೆಲಸಕ್ಕೆಂದು ಕಳುಹಿಸಿದ ಯಂತ್ರವು 2010ರ ಮಾರ್ಚಿನವರೆಗೂ ಸಂದೇಶ ಕಳುಹಿಸುತ್ತಿತ್ತು. ಕಪಾಟಿನ ಕಸ ಅದನ್ನು ಮೂರನೆಯ ವಾರದಲ್ಲಿಯೇ ಮುಗಿಸಿಬಿಡುವುದರಲ್ಲಿತ್ತು.

ಅಳಿಸುವ ಕ್ರಮ

ಕಸವನ್ನು ತೆಗೆಯಬೇಕೆಂಬ ಉತ್ಸಾಹದಲ್ಲಿ ಕಾಳನ್ನೂ ತೂರಿಬಿಡಬಾರದು. ಸ್ವಿಚ್ಚಿನಲ್ಲಿ ಮೊಬೈಲಿನಂತೆ ಕಸದಬುಟ್ಟಿಯಿಲ್ಲ. 'ಡಿಲೀಟ್' ಎಂದರೆ ಹೋಯಿತೆಂದೇ ಅರ್ಥ. ಅಳಿಸುವ ಮುನ್ನ 'ಶೋ ವರ್ಷನ್' ಎಂಬ ಆಜ್ಞೆ ನೀಡಿ, ಸ್ವಿಚ್ಚು ಈಗ ಯಾವ '.ಬಿನ್' ಕಡತದಿಂದ ಎದ್ದಿದೆ ಎಂಬುದನ್ನು ಓದಿ ಬರೆದುಕೊಳ್ಳಬೇಕು. ಆ ಕಡತವನ್ನು ಮುಟ್ಟಬಾರದು.

ತಂತ್ರಾಂಶವನ್ನು ಹೊಸದಕ್ಕೆ ಬದಲಾಯಿಸುವಾಗಲೂ ಕ್ರಮವಿದೆ. ಮೊದಲು ಹೊಸ ಕಡತವನ್ನು ತರಿಸಬೇಕು. 'ವೆರಿಫೈ' ಆಜ್ಞೆಯಿಂದ ಅದು ಅಖಂಡವಾಗಿ ಬಂದಿದೆಯೇ ಎಂದು ತಾಳೆನೋಡಬೇಕು. ಅದರಿಂದ ಏಳುವಂತೆ ಸ್ವಿಚ್ಚಿಗೆ ತಿಳಿಸಬೇಕು. ಎದ್ದ ಮೇಲೆ, ಕೆಲವು ದಿನಗಳ ಬಳಿಕ, ಹಳೆಯದನ್ನು ಅಳಿಸಬೇಕು. ಕಪಾಟು ಚಿಕ್ಕದಾಗಿ ಎರಡಕ್ಕೂ ಸ್ಥಳವಿಲ್ಲದಿದ್ದರೆ ಹಳೆಯದನ್ನು ಮೊದಲು ಅಳಿಸಬೇಕಾಗುತ್ತದೆ. ಆಗ ಸ್ವಿಚ್ಚು ನಿಲ್ಲುವುದಿಲ್ಲ. ಅದು ತಾತ್ಕಾಲಿಕ ಸ್ಮೃತಿಯಲ್ಲಿರುವ ಪ್ರತಿಯಿಂದ ನಡೆಯುತ್ತಿರುತ್ತದೆ. ಆದರೆ ಆ ನಡುವೆ ವಿದ್ಯುತ್ತು ಹೋದರೆ ಏಳಲು ತಂತ್ರಾಂಶವೇ ಇರುವುದಿಲ್ಲ. ಯುಪಿಎಸ್ ಇಲ್ಲದ ಶಾಲೆಯು ಈ ಕೆಲಸಕ್ಕೆ ಕೈಹಾಕಬಾರದು.

ಹಾಗೆ ಬಿದ್ದ ಸ್ವಿಚ್ಚಿಗೆ ಕನ್ಸೋಲ್ ತಂತಿಯ ಮೂಲಕ ತಂತ್ರಾಂಶವನ್ನು ಮತ್ತೆ ಉಣಿಸಬಹುದು. ಅದೆಷ್ಟು ಹೊತ್ತು ಹಿಡಿಯುತ್ತದೆಂಬುದನ್ನು ಮಕ್ಕಳಿಗೆ ಲೆಕ್ಕವಾಗಿಯೇ ಕೊಡಬಹುದು. ಆ ತಂತಿಯ ವೇಗ ಸೆಕೆಂಡಿಗೆ 9600 ಬಿಟ್. ಒಂದು ಬೈಟು ಸಾಗಿಸಲು ಆರಂಭ ಹಾಗೂ ಅಂತ್ಯದ ಸೂಚನೆ ಸೇರಿ 10 ಬಿಟ್ ಬೇಕು. ಎಂದರೆ ಸೆಕೆಂಡಿಗೆ 960 ಬೈಟು. ಕಡತವು ಒಂದು ಕೋಟಿ ಬೈಟಿನದಾದರೆ 10,417 ಸೆಕೆಂಡು. ಸುಮಾರು 2 ಗಂಟೆ 54 ನಿಮಿಷ. ಅಷ್ಟು ಹೊತ್ತು ವಿದ್ಯುತ್ತು ಹೋಗಬಾರದು. ಭಾಗಾಕಾರ ಕಲಿತ ಮಗುವಿಗೆ ಅವಸರದ ಬೆಲೆ ಏನೆಂಬುದೂ ಈ ಲೆಕ್ಕದಿಂದ ತಿಳಿಯುತ್ತದೆ.

ಎರಡನೆಯ ಸೂರಿನಡಿ ಒಂದು ಪ್ರತಿ

ರಜಿಸ್ಟರಿಗೆ ಇಳಿಸಿದ್ದಾಯಿತು, ಆದರೆ ಆ ರಜಿಸ್ಟರು ಸ್ವಿಚ್ಚಿನೊಳಗೇ ಇದೆ. ಸಿಡಿಲು ಬಡಿದು ಸ್ವಿಚ್ಚೇ ಸುಟ್ಟರೆ ಎರಡೂ ಹೋದವು. ಈ ಸೀಮೆಯವರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾಯಿತು. ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಔಸಾ ಹಾಗೂ ಉಮರ್ಗಾ ತಾಲೂಕುಗಳ ಊರುಗಳಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆಗಳ ಮನೆಗಳು ಕುಸಿದು ಸಾವಿರಾರು ಜನ ತೀರಿಕೊಂಡರು. ಆ ದುಃಖದ ಮುಂದೆ ಕಾಗದಪತ್ರದ ಮಾತು ಅಲ್ಪವೇ. ಆದರೂ ಒಂದೇ ಸೂರಿನಡಿ ಇದ್ದುದೆಲ್ಲವೂ ಒಂದೇ ಗಳಿಗೆಯಲ್ಲಿ ಹೋಗಬಹುದೆಂಬುದನ್ನು ಈ ನೆಲ ಕಂಡಿದೆ. ಪ್ರತಿಯು ಬೇರೆ ಸೂರಿನಡಿ ಇದ್ದರೆ ಮಾತ್ರ ಅದು ಪ್ರತಿ.

ಸಂರಚನೆಯ ಪ್ರತಿಯನ್ನು ಹೊರತೆಗೆಯಲು ಟಿಎಫ್‌ಟಿಪಿ ಎಂಬ ಸರಳ ವಿಧಾನವಿದೆ. ಗಣಕವೊಂದರಲ್ಲಿ ಅದರ ಚಿಕ್ಕ ತಂತ್ರಾಂಶವನ್ನು ನಡೆಸಿ, ಸ್ವಿಚ್ಚಿನಿಂದ ಅಲ್ಲಿಗೆ ನಕಲು ಕಳುಹಿಸುವುದು. ಅದಕ್ಕೆ ಗುಪ್ತಪದದ ಕಾವಲಿಲ್ಲ. ಆದುದರಿಂದ ಕೆಲಸ ಮುಗಿದೊಡನೆ ಆ ತಂತ್ರಾಂಶವನ್ನು ನಿಲ್ಲಿಸಬೇಕು. ಇದಕ್ಕಿಂತಲೂ ಸುಲಭವಾದ ಮಾರ್ಗ ಇನ್ನೊಂದಿದೆ. 'ಟರ್ಮಿನಲ್ ಲೆಂಗ್ತ್ 0' ಎಂದು ನೀಡಿದರೆ ಪುಟಪುಟಕ್ಕೂ ನಿಲ್ಲದೆ ಪಠ್ಯ ಹರಿಯುತ್ತದೆ. ಬಳಿಕ 'ಶೋ ರನ್ನಿಂಗ್-ಕಾನ್ಫಿಗ್' ಎಂದು ನೀಡಿ, ಬಂದ ಪಠ್ಯವನ್ನೆಲ್ಲ ನೋಟ್‌ಪ್ಯಾಡಿಗೆ ಅಂಟಿಸಿ ಉಳಿಸಬೇಕು. ಅದು ಕೆಲವೇ ಪುಟಗಳಾಗುತ್ತದೆ. ಮುದ್ರಿಸಿ ಲಕೋಟೆಯಲ್ಲಿಟ್ಟು ಕಪಾಟಿನಲ್ಲಿಡಬಹುದು. ಒಂದು ಪ್ರತಿ ಮುಖ್ಯಾಧ್ಯಾಪಕರ ಬೀರುವಿನಲ್ಲಿ, ಇನ್ನೊಂದು ಪೆನ್ ಡ್ರೈವಿನಲ್ಲಿ ಬೇರೆ ಕಟ್ಟಡದಲ್ಲಿ ಇರಬೇಕು.

ಕಡತದ ಹೆಸರಿನಲ್ಲಿ ಶಾಲೆ, ಸ್ವಿಚ್ಚು ಮತ್ತು ದಿನಾಂಕ ಮೂರೂ ಇರಬೇಕು. ದೇವಣಿಯ ಹೆಸರನ್ನು ದೂರದೂರಕ್ಕೆ ಒಯ್ದ ದೇವಣಿ ದನಗಳನ್ನು ಸಾಕುವವರನ್ನು ಕೇಳಿದರೆ, ಕರು ಯಾವ ಹೋರಿಯದು, ತಾಯಿ ಯಾವುದು, ಎಷ್ಟನೆಯ ಸೂಲಿನದು ಎಂಬುದನ್ನು ಥಟ್ಟನೆ ಹೇಳುತ್ತಾರೆ. ಮೈಯೆಲ್ಲ ಬಿಳುಪು, ಮುಖ ಕಪ್ಪು ಎಂದು ನೋಡಿದರಷ್ಟೇ ಅವರಿಗೆ ಸಾಲದು, ವಂಶ ಗೊತ್ತಿರಬೇಕು. ಕಡತಕ್ಕೂ ಅಂತಹ ವಂಶಾವಳಿ ಬೇಕು. 'ಹೊಸದು', 'ಕೊನೆಯದು', 'ನಿಜವಾದ ಕೊನೆಯದು' ಎಂಬ ಹೆಸರುಗಳು ಮೂರು ತಿಂಗಳಲ್ಲಿ ಅರ್ಥ ಕಳೆದುಕೊಳ್ಳುತ್ತವೆ.

ಇನ್ನೊಂದು ಎಚ್ಚರ. ಸಂರಚನಾ ಕಡತದಲ್ಲಿ ಗುಪ್ತಪದಗಳೂ ಇರುತ್ತವೆ. ಅವುಗಳಲ್ಲಿ ಕೆಲವನ್ನು ಮರೆಮಾಚಿದಂತೆ ಕಂಡರೂ ಬಲ್ಲವರು ಕ್ಷಣದಲ್ಲಿ ಬಿಡಿಸಬಲ್ಲರು. ಸಹಾಯ ಕೇಳುವ ನೆಪದಲ್ಲಿ ಈ ಕಡತವನ್ನು ವಾಟ್ಸಪ್ ಗುಂಪಿಗೆ ಹಾಕುವುದು ಕಾರ್ಯಾಲಯದ ಬೀಗದ ಕೈಯನ್ನು ಸಂತೆಯಲ್ಲಿ ತೂಗುಹಾಕಿದಂತೆ.

ಮರಳಿ ಹಾಕುವಾಗ, ಬದಲಾಯಿಸುವಾಗ

ಉಳಿಸಿದ ಪ್ರತಿಯನ್ನು ಚಾಲ್ತಿ ಸಂರಚನೆಗೆ ನಕಲಿಸಿದರೆ ಹಳೆಯದು ಅಳಿದು ಹೊಸದು ಬರುವುದೆಂದು ಅನೇಕರು ನಂಬುತ್ತಾರೆ. ಹಾಗಾಗುವುದಿಲ್ಲ. ಒರೆಸದ ಹಲಗೆಯ ಮೇಲೆ ಮತ್ತೆ ಬರೆದಂತೆ ಎರಡೂ ಬೆರೆಯುತ್ತವೆ. ಪ್ರತಿಯಲ್ಲಿಲ್ಲದ ಹಳೆಯ ಸಾಲುಗಳು ಹಾಗೆಯೇ ಉಳಿಯುತ್ತವೆ. ಪ್ರತಿಯನ್ನು ಆರಂಭ ಸಂರಚನೆಗೆ ನಕಲಿಸಿ, ಚಾಲ್ತಿಯದನ್ನು ಉಳಿಸದೆ ಸ್ವಿಚ್ಚನ್ನು ಮತ್ತೆ ಏಳಿಸುವುದೇ ಶುದ್ಧವಾದ ದಾರಿ.

ಬದಲಾವಣೆಯ ಅಪಾಯವನ್ನು ಇಡೀ ಜಗತ್ತು 2021ರ ಅಕ್ಟೋಬರ್ 4ರಂದು ಕಂಡಿತು. ಭಾರತದಲ್ಲಿ ಆಗ ರಾತ್ರಿ ಒಂಬತ್ತು ಗಂಟೆ ಕಳೆದಿತ್ತು. ವಾಟ್ಸಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮೂರೂ ಒಟ್ಟಿಗೆ ನಿಂತು ಸುಮಾರು ಆರು ಗಂಟೆಗಳ ಕಾಲ ಸ್ತಬ್ಧವಾದವು. ಸಾಮಾನ್ಯ ನಿರ್ವಹಣೆಯ ವೇಳೆ ನೀಡಿದ ಒಂದು ಆಜ್ಞೆಯು ಆ ಕಂಪನಿಯ ಕೇಂದ್ರಗಳ ನಡುವಣ ಸಂಪರ್ಕವನ್ನೇ ಕಡಿದುಹಾಕಿತ್ತು. ತಪ್ಪು ಆಜ್ಞೆಯನ್ನು ತಡೆಯಬೇಕಾಗಿದ್ದ ಉಪಕರಣದಲ್ಲಿಯೂ ದೋಷವಿತ್ತು. ದೂರದಿಂದ ಸರಿಪಡಿಸಲು ಬೇಕಾದ ದಾರಿಯೇ ಮುಚ್ಚಿದ್ದರಿಂದ ಎಂಜಿನಿಯರುಗಳು ಯಂತ್ರಗಳಿದ್ದಲ್ಲಿಗೆ ಖುದ್ದಾಗಿ ಹೋಗಬೇಕಾಯಿತು.

ಶಾಲೆಯ ಮಟ್ಟಿಗೆ ಇದಕ್ಕೆ ಸೊಗಸಾದ ಉಪಾಯವಿದೆ. ಬದಲಾವಣೆ ಆರಂಭಿಸುವ ಮುನ್ನ 'ರೀಲೋಡ್ ಇನ್ 10' ಎಂದು ನೀಡಬೇಕು. ಹತ್ತು ನಿಮಿಷಗಳ ಬಳಿಕ ತಾನಾಗಿಯೇ ಬಿದ್ದು ಏಳು ಎಂಬ ಆಜ್ಞೆಯದು. ಬಳಿಕ ಬದಲಾವಣೆ ಮಾಡಬೇಕು; ಉಳಿಸಬಾರದು. ಏನಾದರೂ ತಪ್ಪಿ ಬಾಗಿಲು ಮುಚ್ಚಿಕೊಂಡರೆ ಗಾಬರಿ ಬೇಡ. ಹತ್ತು ನಿಮಿಷ ಕಾದರೆ ಸ್ವಿಚ್ಚು ಹಳೆಯ ಸಂರಚನೆಯೊಂದಿಗೆ ಏಳುತ್ತದೆ. ಎಲ್ಲವೂ ಸರಿಯಾಗಿದ್ದರೆ 'ರೀಲೋಡ್ ಕ್ಯಾನ್ಸಲ್' ನೀಡಿ, ಅನಂತರ ಉಳಿಸಬೇಕು. ಮೊದಲು ಶಾಪವಾಗಿ ಕಂಡ ಮರೆವು ಇಲ್ಲಿ ವರವಾಗುತ್ತದೆ. ಮಗು ತಪ್ಪು ಬರೆದರೂ ಒರೆಸಿ ಬರೆಯಲು ಪಾಟಿ ಅವಕಾಶ ಕೊಡುವುದಿಲ್ಲವೇ? ಹಾಗೆ.

ಹಳೆಯ ಸ್ವಿಚ್ಚನ್ನು ಬೀಳ್ಕೊಡುವಾಗ

ಶಾಲೆಯಿಂದ ಶಾಲೆಗೆ ಸ್ವಿಚ್ಚನ್ನು ಕೊಡುವಾಗ ಅಥವಾ ಗುಜರಿಗೆ ಹಾಕುವಾಗ ಅದರ ಸ್ಮೃತಿಯನ್ನು ತೊಳೆಯಬೇಕು. 'ರೈಟ್ ಇರೇಸ್' ಆಜ್ಞೆಯು ಆರಂಭ ಸಂರಚನೆಯನ್ನು ಅಳಿಸುತ್ತದೆ. ಗುಂಪುಗಳ ಪಟ್ಟಿಯನ್ನು ಅಳಿಸುವುದಿಲ್ಲ. 'ವಿಲ್ಯಾನ್.ಡ್ಯಾಟ್' ಕಡತವನ್ನು ಪ್ರತ್ಯೇಕವಾಗಿ ಅಳಿಸಬೇಕು. ಬೇರೆಡೆಯಿಂದ ಬಂದ ಹಳೆಯ ಸ್ವಿಚ್ಚನ್ನು ತೊಳೆಯದೆ ಶಾಲೆಯ ಜಾಲಕ್ಕೆ ಸೇರಿಸಿದರೆ, ಕೆಲವು ಸಂದರ್ಭಗಳಲ್ಲಿ ಅದು ತನ್ನ ಹಳೆಯ ಪಟ್ಟಿಯನ್ನು ಇಲ್ಲಿಯ ಸ್ವಿಚ್ಚುಗಳ ಮೇಲೆ ಹೇರಿ, ಇಲ್ಲಿಯ ಪಟ್ಟಿಯನ್ನೇ ಅಳಿಸಿಬಿಡುವುದುಂಟು. ದಾನವಾಗಿ ಬಂದ ಯಂತ್ರವನ್ನು ಆದರದಿಂದ ಬರಮಾಡಿಕೊಳ್ಳಬೇಕು. ಆದರೆ ತೊಳೆದ ಮೇಲೆಯೇ ಒಳಗೆ ಕರೆಯಬೇಕು.

ಜಾಲದ ದಫ್ತರ

ಇಷ್ಟನ್ನೂ ಒಬ್ಬರ ತಲೆಯಲ್ಲಿ ಇಟ್ಟುಕೊಳ್ಳುವುದು ಸಾಧ್ಯವಿಲ್ಲ, ಸಾಧುವೂ ಅಲ್ಲ. ಇನ್ನೂರು ಪುಟಗಳ ಒಂದು ನೋಟುಪುಸ್ತಕವನ್ನು ಇದಕ್ಕೆಂದೇ ಮೀಸಲಿಡಬೇಕು. ಅದರ ಮೊದಲ ಪುಟದಲ್ಲಿ ಸ್ವಿಚ್ಚಿನ ಮಾದರಿ, ಕ್ರಮಸಂಖ್ಯೆ, ಬಂದ ದಿನಾಂಕ. ಎರಡನೆಯ ಪುಟದಲ್ಲಿ ಯಾವ ದ್ವಾರಕ್ಕೆ ಯಾವ ಗಣಕ ಎಂಬ ಕೋಷ್ಟಕ. ಮೂರನೆಯದರಲ್ಲಿ ಗುಂಪುಗಳ ಸಂಖ್ಯೆ ಮತ್ತು ಹೆಸರು. ಆ ಮೇಲಿನ ಪುಟಗಳಲ್ಲಿ ದಿನಾಂಕ, ಮಾಡಿದ ಬದಲಾವಣೆ, ಕಾರಣ, ಉಳಿಸಿದೆಯೇ, ಪ್ರತಿ ಎಲ್ಲಿದೆ, ಸಹಿ ಎಂಬ ಆರು ಅಂಕಣಗಳು. ಗುಪ್ತಪದವನ್ನು ಈ ಪುಸ್ತಕದಲ್ಲಿ ಬರೆಯದೆ, ಮುಚ್ಚಿದ ಲಕೋಟೆಯಲ್ಲಿ ಮುಖ್ಯಾಧ್ಯಾಪಕರ ವಶದಲ್ಲಿಡಬೇಕು.

ಸ್ವಿಚ್ಚಿನೊಳಗಿನ ಹೆಸರುಗಳನ್ನು ರೋಮನ್ ಲಿಪಿಯಲ್ಲಿಯೇ ಇಡುವುದು ಕ್ಷೇಮ. ಆದರೆ ಈ ದಫ್ತರವು ಕನ್ನಡದಲ್ಲಿರಲಿ. ದುರಸ್ತಿಗೆ ಬಂದವನಿಗೆ ಓದಿ ಹೇಳಲು ಶಿಕ್ಷಕರಿದ್ದಾರೆ. ಮುಂದೆ ಆ ಶಾಲೆಗೆ ಬರುವ ಶಿಕ್ಷಕರಿಗೆ ಓದಿ ಹೇಳುವವರು ಇರಲಾರರು, ಪುಸ್ತಕವೇ ಹೇಳಬೇಕು. ವರ್ಗವಾದ ದಿನ ಕಾರ್ಯಭಾರ ಹಸ್ತಾಂತರದ ಪಟ್ಟಿಯಲ್ಲಿ ಮೇಜು, ಕುರ್ಚಿ, ನಕಾಶೆಗಳ ಜೊತೆಗೆ ಈ ದಫ್ತರವೂ ಸೇರಬೇಕು. ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿಯೂ ದೀಪಾವಳಿ ರಜೆಯ ಮುನ್ನವೂ ಒಮ್ಮೆ ಪ್ರತಿ ತೆಗೆದು, ಕಪಾಟಿನ ಉಳಿದ ಸ್ಥಳ ನೋಡಿ, ದಾಖಲಿಸಿದರೆ ಸಾಕು. ವರ್ಷಕ್ಕೆ ಎರಡು ಗಂಟೆಗಳ ಕೆಲಸವಿದು.

ಗುರುಬಂಧುಗಳೇ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವೇನೆಂದು ಹಿರಿಯರು ಕೇಳುತ್ತಿದ್ದರು. ಉದಗೀರದ ಕೋಟೆಯ ನೆರಳಿನಲ್ಲಿರುವವರಿಗೆ ಈ ಗಾದೆಯ ಅರ್ಥ ಚೆನ್ನಾಗಿ ಗೊತ್ತು. ಗಡಿಯ ಕನ್ನಡ ಶಾಲೆಯ ಮಗುವು ಗಣಕದ ಮುಂದೆ ಕುಳಿತು ತನ್ನ ಲಿಪಿಯಲ್ಲಿ ಒಂದು ವಾಕ್ಯ ಬರೆಯುವುದಕ್ಕೆ ಅನೇಕ ವರ್ಷಗಳು, ಅನೇಕರ ಶ್ರಮ ಬೇಕಾಗಿವೆ. ಒಂದು ಸಾಲಿನ ಆಜ್ಞೆಯನ್ನು ಮರೆತ ಕಾರಣಕ್ಕೆ ಆ ಮಗುವಿನ ಒಂದು ವಾರದ ಪಾಠ ನಿಲ್ಲಬಾರದು. ನಾಳೆ ಶಾಲೆಗೆ ಹೋದೊಡನೆ ಗೋಡೆಯ ಮೇಲಿನ ಆ ಪೆಟ್ಟಿಗೆಯ ಬಳಿ ನಿಂತು, ಅದರ ಮಾದರಿಯ ಹೆಸರನ್ನು ನೋಟುಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ. ಉಳಿದ ಪುಟಗಳು ಅಲ್ಲಿಂದ ಮುಂದುವರಿಯುತ್ತವೆ.